ಎರಡು ಉಸಿರಿನ ಅಳತೆ

ಪೇಟೆಯ ಮೂಲೆಯ ಹೊಲಿಗೆ ಅಂಗಡಿಯ ಅಕ್ಕನಿಗೆ ಗಿರಾಕಿಗಳು ಇಟ್ಟ ಹೆಸರು ಅರ್ಧಿಂಚು. ಅಂಗಿ ಅರ್ಧ ಇಂಚು ಸಡಿಲವಾದರೂ ಬಿಚ್ಚಿ ಮತ್ತೆ ಹೊಲಿಯುವವರೆಗೆ ಅವಳಿಗೆ ಊಟ ಸೇರದು. ಎದೆಯ ಅಳತೆಯನ್ನು ಎರಡು ಸಲ ತೆಗೆಯುವುದು ಅವಳ ಅಪ್ಪ ಹಾಕಿಕೊಟ್ಟ ಪದ್ಧತಿ: ಉಸಿರು ಬಿಟ್ಟಾಗ ಒಂದು, ಪೂರ್ತಿ ಎಳೆದಾಗ ಇನ್ನೊಂದು. ಬೇರೆ ದರ್ಜಿಗಳು ನಗುತ್ತಿದ್ದರು. ನಗಲಿ, ಊಟವಾದ ಮೇಲೆ ಗುಂಡಿ ಕಿತ್ತುಬರುತ್ತಿದ್ದುದು ಅವರು ಹೊಲಿದ ಅಂಗಿಗಳದ್ದೇ.

ಅಪ್ಪನ ಬೆನ್ನು ಮಾತ್ರ ಮುಂದಕ್ಕೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಮನೆಯಲ್ಲಿ ಅದನ್ನು ‘ಮೆಷಿನ್ ಬೆನ್ನು’ ಎನ್ನುತ್ತಿದ್ದರು. ಅಜ್ಜನಿಗೂ ಹಾಗೇ ಇತ್ತು. ಇಬ್ಬರೂ ದರ್ಜಿಗಳು, ಇಬ್ಬರೂ ಬಾಗಿದವರು, ಇನ್ನೇನು ಕೇಳುವುದಿದೆ ಎಂದು ಎಲ್ಲರೂ ಸುಮ್ಮನಿದ್ದರು. ಎಂಟು ವರ್ಷದ ಹಿಂದೆ ಅಪ್ಪನಿಗೆ ಎದುರಿಗೆ ನಿಂತವರ ಮುಖ ನೋಡುವುದೂ ಕಷ್ಟವಾದಾಗ, ಅಕ್ಕನೇ ಅವನ ಹಳೆಯ ಮೆಷಿನ್ನಿಗೆ ಮರದ ಮುಚ್ಚಳ ಹಾಕಿ ಬೀಗ ಜಡಿದಳು. ಕೀಲಿಯನ್ನು ದಾರದುಂಡೆಗಳ ಡಬ್ಬದ ತಳದಲ್ಲಿ ಬಚ್ಚಿಟ್ಟಳು. ಅಂದಿನಿಂದ ಅಪ್ಪ ಗುಂಡಿ ಹಚ್ಚುತ್ತ ಮೂಲೆ ಹಿಡಿದ.

ತಮ್ಮ ಅಂಚೆ ಹಂಚುವವನು. ದಿನವಿಡೀ ನಡೆಯುವವನು, ಸೂಜಿಗೆ ದಾರ ಪೋಣಿಸಲೂ ಬಾರದವನು. ಒಂದು ಬೆಳಿಗ್ಗೆ ಹೊಸ ಅಂಗಿಯ ಅಳತೆ ಕೊಡಲು ಬಂದ.

“ಉಸಿರೆಳೆ,” ಎಂದಳು ಅಕ್ಕ.

“ಎಳೆದಿದೀನಲ್ಲ.”

ಟೇಪು ಕದಲಿರಲಿಲ್ಲ. ಮತ್ತೆ ಎಳೆಸಿದಳು. ಅರ್ಧ ಇಂಚು, ಅಷ್ಟೇ. ಹಳೆಯ ಪುಸ್ತಕದಲ್ಲಿ ಅವನ ಇಪ್ಪತ್ತನೇ ವಯಸ್ಸಿನ ಪುಟ ತೆಗೆದಳು: ಆಗ ಎರಡೂಕಾಲು ಇಂಚು. ಆಮೇಲೆ ಅಪ್ಪನ ಪುಟಗಳನ್ನು ಹುಡುಕಿದಳು. ಎರಡು, ಒಂದೂವರೆ, ಒಂದು, ಅರ್ಧ. ಪುಸ್ತಕ ಮುಚ್ಚದೆ ತಮ್ಮನತ್ತ ತಿರುಗಿದಳು.

“ಬೆಳಿಗ್ಗೆ ಎದ್ದಾಗ ಬೆನ್ನು ಹಿಡ್ಕೊಳುತ್ತಾ?”

“ಒಂದು ಗಂಟೆ ಮರಗಟ್ಟಿದ ಹಾಗಿರುತ್ತೆ. ನಡೆದ್ರೆ ಸರಿಹೋಗುತ್ತೆ. ಅಕ್ಕಾ, ನಾನು ಮೆಷಿನ್ ಮುಟ್ಟಿದವನೇ ಅಲ್ಲ, ನಂಗೆಲ್ಲಿಂದ ಬರುತ್ತೆ ಮೆಷಿನ್ ಬೆನ್ನು?”

“ಅದನ್ನೇ ಕೇಳ್ಕೊಂಡು ಬರೋಣ ನಡಿ.”

ಜಪ್ಪಯ್ಯ ಅಂದರೂ ಬರುವುದಿಲ್ಲ ಎಂದ. ಅಕ್ಕ ಅವನ ಅಂಚೆ ಚೀಲವನ್ನು ತನ್ನ ಹೆಗಲಿಗೇರಿಸಿ ಮುಂದೆ ನಡೆದಳು. ಹಿಂದೆ ಬರದೆ ಅವನಿಗೆ ಬೇರೆ ದಾರಿ ಇರಲಿಲ್ಲ.

ಕೀಲುರೋಗದ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿದರು, ಸ್ಕ್ಯಾನ್ ಮಾಡಿಸಿದರು. ವರದಿಗಳು ಬಂದ ದಿನ ಅಕ್ಕನ ಅಳತೆ ಪುಸ್ತಕವನ್ನೂ ಪುಟ ಬಿಡದೆ ನೋಡಿದರು.

“ಹೊರಗಿನ ರೋಗದ ಮೇಲೆ ಬೀಳಬೇಕಾದ ಮೈಯ ಕಾವಲು, ಇವರ ಬೆನ್ನಿನ ಕೀಲುಗಳ ಮೇಲೇ ಬಿದ್ದಿದೆ. ತನ್ನದು ಯಾವುದು, ಹೊರಗಿನದು ಯಾವುದು ಅಂತ ಆ ಕಾವಲಿಗೆ ಗುರುತು ತೋರಿಸೋ ಜೀನ್ ಒಂದಿದೆ. ಅದರಲ್ಲಿ ಬಗೆ ಬಗೆ ಇರುತ್ತೆ. ಇವರಲ್ಲಿರೋದು ಈ ರೋಗದ ಸಾಧ್ಯತೆ ಹೆಚ್ಚಿಸೋ ಬಗೆ. ನಿಮ್ಮ ತಂದೆಯಿಂದಲೇ ಬಂದಿರಬೇಕು.”

“ಹಾಗಾದ್ರೆ ನನ್ನಲ್ಲೂ ಇರಬಹುದಾ?”

“ಇರಬಹುದು. ಇದ್ದೋರೆಲ್ಲರಿಗೂ ರೋಗ ಬರಲ್ಲ. ತುಂಬಾ ಜನಕ್ಕೆ ಏನೂ ಆಗೋದೇ ಇಲ್ಲ.”

“ಒಂದೇ ಥಾನಿನ ಬಟ್ಟೆ, ಹೊಲಿಗೆ ಬೇರೆ ಅನ್ನಿ.”

ಡಾಕ್ಟರಮ್ಮ ನಕ್ಕರು. ಬೇಗ ಬಂದಿದ್ದೀರಿ, ಮಾತ್ರೆ ಮತ್ತು ದಿನದ ವ್ಯಾಯಾಮ ತಪ್ಪಿಸದಿದ್ದರೆ ಇವರ ಬೆನ್ನು ಬಾಗದಂತೆ ನೋಡಿಕೊಳ್ಳಬಹುದು ಎಂದರು.

ಅಕ್ಕ ಏಳಲಿಲ್ಲ. “ಮತ್ತೆ ಅಪ್ಪನಿಗೆ ಹೊಲಿಗೆ ಮೆಷಿನ್ನಿಂದ ಬಂದಿದ್ದಲ್ವಾ? ಹಾಗಂತ ನಾನೇ ಹೊಲಿಗೆ ಬಿಡಿಸಿದ್ದೆ.”

“ಅಲ್ಲ. ಬಗ್ಗಿ ಕೂತರೆ ನೋವು ಹೆಚ್ಚಾಗಬಹುದು. ಮಧ್ಯೆ ಮಧ್ಯೆ ಎದ್ದು ನಡೆದಾಡಲಿ. ಕೆಲಸ ಬಿಡಿಸಬೇಕಾಗಿರಲಿಲ್ಲ.”

ಎಂಟು ವರ್ಷ ಅಪ್ಪನ ಕೈ ಕಟ್ಟಿಹಾಕಿದ್ದು ತಾನೇ ಎಂಬುದನ್ನು ಅಕ್ಕನಿಗೆ ಸಹಿಸಲಾಗಲಿಲ್ಲ. ಆದರೂ ಅಂದೇ ಬೀಗ ತೆಗೆಯುವ ಧೈರ್ಯ ಬರಲಿಲ್ಲ. ಮಾತ್ರೆಗೆ ತಮ್ಮನ ಎದೆ ಹಿಗ್ಗಿದರೆ ಡಾಕ್ಟರಮ್ಮನ ಮಾತು ನಿಜ, ಅದನ್ನು ಟೇಪೇ ಹೇಳಲಿ ಎಂದುಕೊಂಡಳು. ಅವಳು ಪೂರ್ತಿ ನಂಬುತ್ತಿದ್ದುದು ಅದೊಂದನ್ನೇ.

ಹೊಸ ಅಂಗಿಯ ಬಟ್ಟೆ ಕತ್ತರಿಸದೆ ಇಟ್ಟು, ತಿಂಗಳಿಗೊಮ್ಮೆ ತಮ್ಮನನ್ನು ನಿಲ್ಲಿಸಿ ಅಳೆದಳು. ಮೂರನೇ ತಿಂಗಳಿಗೆ ಮುಕ್ಕಾಲು. ಆರನೇ ತಿಂಗಳಿಗೆ ಒಂದೂವರೆ.

“ಹೊಟ್ಟೆ ಉಬ್ಬಿಸಿ ಮೋಸ ಮಾಡ್ತಿಲ್ಲ ತಾನೇ?”

“ನಿನ್ನ ಟೇಪಿಗೆ ಮೋಸ ಮಾಡಿ ಬದುಕಿದವರು ಯಾರಿದಾರೆ ಅಕ್ಕ?”

ಒಂದೂವರೆ ಎಂದು ಬರೆದು ಪುಸ್ತಕ ಮುಚ್ಚಿದಳು. ನೇರವಾಗಿ ಹೋಗಿ ಡಬ್ಬಕ್ಕೆ ಕೈ ಹಾಕಿದಳು. ಕೀಲಿ ಇತ್ತು. ಬೀಗ ಸಲೀಸಾಗಿ ತೆರೆಯಿತು. ಮುಚ್ಚಳ ಎತ್ತಿದರೆ ಮೆಷಿನ್ನಿನ ಮೇಲೆ ಧೂಳಿಲ್ಲ, ಸೂಜಿಯ ಸುತ್ತ ಹೊಸ ಎಣ್ಣೆ ಮಿನುಗುತ್ತಿತ್ತು.

“ಅಪ್ಪಾ, ಕೀಲಿ ಎಲ್ಲಿದೆ ಅಂತ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು ಕಣಮ್ಮ. ವಾರಕ್ಕೊಂದು ಸಲ ಎಣ್ಣೆ ಬಿಡ್ತಿದ್ದೆ.”

“ಮತ್ತೆ ಯಾಕೆ ಹೊಲೀಲಿಲ್ಲ?”

“ನೀನು ಹೆದರಿದ್ದೆ,” ಎಂದ ಅಪ್ಪ. ಆಮೇಲೆ ಕೈ ಚಾಚಿ, ತಮ್ಮನ ಅಂಗಿಯ ಬಟ್ಟೆ ಕೊಡು ಎಂದ.