ಅತ್ತೆ ಆರಿಸುತ್ತಿದ್ದ ಒಲೆ

ಎರಡು ವರ್ಷದ ಹಿಂದೆ, ಬೂದಿಕೋಟೆ ಹತ್ತಿರ ನಮ್ಮೂರ ಗುಡ್ಡದಲ್ಲಿ ಕಲ್ಲು ಕ್ವಾರಿ ಶುರುವಾದಾಗಿನ ಮಾತಿದು. ಅಲ್ಲಿಯವರೆಗೆ ನಮ್ಮತ್ತೆ ಮುನಿಯಮ್ಮ ತಾವಾಯಿತು, ತಮ್ಮ ಹಸುವಾಯಿತು ಎಂದು ಇದ್ದವರು. ಮಾವ ಕೆಜಿಎಫ್ ಗಣಿಯಲ್ಲಿ ಕೆಲಸಕ್ಕಿದ್ದರು. ಅಲ್ಲೇ ಊರಿಗಾಂನಲ್ಲಿ ಗಣಿ ಕಾರ್ಮಿಕರ ಲೈನ್ ಮನೆಯಲ್ಲಿ ಸಂಸಾರ ಮಾಡಿದ್ದ ಅತ್ತೆ, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇದ್ದಾರೆ.

ಕ್ವಾರಿಯಲ್ಲಿ ಮಧ್ಯಾಹ್ನ ಮದ್ದು ಸಿಡಿಸುತ್ತಿದ್ದರು. ನೆಲ ಅದುರಿ ಗೂಡಿನ ಪಾತ್ರೆಗಳೆಲ್ಲ ಗಲಗಲ ಅನ್ನುತ್ತಿದ್ದವು. ಅಷ್ಟೇ, ಅತ್ತೆ ಎಲ್ಲಿದ್ದರೂ ಓಡಿಬಂದು ನನ್ನ ಗ್ಯಾಸ್ ಒಲೆ ಆರಿಸಿ, ಬರಿಗಾಲಲ್ಲಿ ರಸ್ತೆಗೆ ಹೋಗಿಬಿಡುವರು. ನಮ್ಮ ಯಜಮಾನರು ಬಂಗಾರಪೇಟೆ ಸ್ಟೇಷನ್ ಮುಂದೆ ಆಟೊ ಓಡಿಸುತ್ತಾರೆ. ಅವರು ಸಂಜೆ ಮನೆಗೆ ಬರುವ ತನಕ ಅತ್ತೆ ಉಣ್ಣುವುದಿಲ್ಲ, ಕೂರುವುದಿಲ್ಲ. ಬಾಗಿಲಿಂದ ರಸ್ತೆಗೆ, ರಸ್ತೆಯಿಂದ ಬಾಗಿಲಿಗೆ. ನಾನು ಮೊದಲೇ ಮುಂಗೋಪಿ. “ಅರ್ಧಂಬರ್ಧ ಬೆಂದ ಅನ್ನ ನಿಮ್ಮ ಮಗನಿಗೆ ಇಕ್ಕಲಾ ಅತ್ತೆ?” ಎಂದು ರೇಗಿದರೆ, “ಉರೀಬಾರ್ದು ಕಣಮ್ಮ, ಒಲೆ ಉರೀಬಾರ್ದು” ಎನ್ನುವರು.

ಬೀದಿಯವರು ಅರಳು ಮರಳು ಅಂದರು. ಯಾರೋ ಗಾಳಿ ಸೋಕಿದೆ ಅಂದರು. ತಾಯಿತ ಕಟ್ಟಿಸಿದೆವು. ತಾಯಿತ ಕಟ್ಟಿಕೊಂಡೇ ಅತ್ತೆ ಓಡಿದರು!

ಒಂದು ದಿನ ಬಸ್ಸೊಂದು ಇನ್ನೇನು ಅವರ ಮೇಲೆ ಬಂತು ಅನ್ನುವಾಗ ಕಿರ್ರಂತ ನಿಂತಿತು. ಡ್ರೈವರ್ ಬಾಯಿಗೆ ಬಂದಂತೆ ಬೈದ. ಆವತ್ತು ಸಂಜೆ ನಮ್ಮ ಯಜಮಾನರು ಒಂದು ಬೀಗ ತಂದರು.

“ನಾಳೆಯಿಂದ ಒಳಗೆ ಬುಟ್ಟು ಬೀಗ ಆಕ್ಬುಡು. ಬಸ್ಸಿನಡಿ ಓಗೋದ್ಕಿಂತ ಮೇಲು” ಅಂದರು. ಬೀಗವನ್ನು ನನ್ನ ಕೈಗೆ ಕೊಡದೆ ಗೂಡಿನಲ್ಲಿಟ್ಟರು.

ನನಗೆ ಮೈಯೆಲ್ಲ ಉರಿಯಿತು. “ನಿಮ್ಮಮ್ಮ ಏನು ಕರುವಾ, ಕೂಡಾಕಕ್ಕೆ? ಒಂದ್ಸಲ ಆಸ್ಪತ್ರೆಗೆ ತೋರ್ಸಾನ. ಆಮೇಲೂ ಸರಿ ಓಗ್ದಿದ್ರೆ ನಾನೇ ಆಕ್ತೀನಿ ಬೀಗ” ಅಂದುಬಿಟ್ಟೆ. ಅಂದಮೇಲೆ ಯೋಚನೆ ಹತ್ತಿತು. ನಿಜವಾಗಲೂ ಸರಿಹೋಗದಿದ್ದರೆ?

ಮನಸ್ಸಿನ ಕಾಯಿಲೆ ನೋಡುವ ಡಾಕ್ಟರು ಬಂಗಾರಪೇಟೆಗೆ ಬರುವ ದಿನ ವಿಚಾರಿಸಿಕೊಂಡು ಹೋದೆವು. “ನಂಗೇನ್ ಉಚ್ಚಾ?” ಎಂದು ಆಟೊದಲ್ಲಿ ದಾರಿಯುದ್ದಕ್ಕೂ ಅತ್ತೆಯ ಜಗಳ. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಇವತ್ತು ಯಾವ ವಾರ, ಬೆಳಿಗ್ಗೆ ಏನು ತಿಂದಿರಿ ಎಂದೆಲ್ಲ ಕೇಳಿದರು. ಅತ್ತೆ ಪಟಪಟ ಹೇಳಿದರು.

“ಅಜ್ಜಿ, ಒಲೆ ಯಾಕೆ ಆರಿಸ್ತೀರಿ?”

ಅಯ್ಯೋ, ಅದನ್ನು ಮನೆಯಲ್ಲಿ ಯಾರೂ ಸಮಾಧಾನವಾಗಿ ಕೇಳಿಯೇ ಇರಲಿಲ್ಲ.

ಅತ್ತೆ ಸೆರಗು ಹಿಂಡುತ್ತಾ ಹೇಳಿದರು: “ಗಣಿಯೊಳಗೆ ಬಂಡೆ ಸಿಡಿದ್ರೆ ನಮ್ ಮನೆಗಳೆಲ್ಲ ಅದುರೋವು ತಾಯಿ. ಎಂಗಸ್ರೆಲ್ಲ ಗಂಡಸ್ರು ಗಣಿಗಿಳಿಯೋ ಶಾಫ್ಟ್ ತಾವ ಓಡ್ತಿದ್ವಿ. ಒಂದ್ಸಲ ಪಕ್ಕದ್ಮನೆ ಸೆಲ್ವಿ ಉರಿಯೋ ಒಲೆ ಮೇಲೆ ಅನ್ನ ಬುಟ್ಟು ಬಂದಿದ್ಲು. ಎಲ್ರ ಗಂಡಂದ್ರೂ ಮ್ಯಾಕೆ ಬಂದ್ರು, ಅವ್ಳ ಗಂಡ ಬರ್ನಿಲ್ಲ. ಆವತ್ತಿಂದ ನೆಲ ಅದುರಿದ್ರೆ ಒಲೆ ಆರಿಸ್ದೆ ನಮ್ ಲೈನಾಗೆ ಯಾರೂ ಈಚೆ ಬತ್ತಿರ್ಲಿಲ್ಲ. ನಮ್ಮೆಜಮಾನ್ರು ಒಂದ್ಸಲನೂ ತಪ್ದಂಗೆ ಬಂದ್ರು. ಈಗ ಇವ್ನು ಬರೋದನ್ನ ಕಣ್ಣಾರೆ ಕಾಣ್ಬೇಕಲ್ಲ ತಾಯಿ.”

ನಮ್ಮ ಯಜಮಾನರು ಗೋಡೆ ಕಡೆ ತಿರುಗಿ ನಿಂತುಬಿಟ್ಟರು.

“ಇದು ಮರೆವಿನ ಕಾಯಿಲೆ ಥರ ಕಾಣ್ತಿಲ್ಲ. ಹಳೇ ಭಯ ಮತ್ತೆ ಎದ್ದಿದೆ. ಈ ವಯಸ್ಸಲ್ಲೂ ಇದಕ್ಕೆ ಚಿಕಿತ್ಸೆ ಇದೆ” ಎಂದರು ಡಾಕ್ಟರು. ನಾನು ಬೀಗದ ಮಾತೆತ್ತಿದೆ. “ಕೂಡಿಹಾಕಿದ್ರೆ ಭಯ ಇನ್ನೂ ಜಾಸ್ತಿ ಆಗುತ್ತೆ. ಏನೂ ಆಗಿಲ್ಲ ಸುಮ್ನಿರಿ ಅಂತ ಬೈಬೇಡಿ. ಮಗ ಚೆನ್ನಾಗಿದ್ದಾನೆ ಅಂತ ಆಗಲೇ ಗೊತ್ತಾಗೋ ಹಾಗೆ ಮಾಡಿ.” ಮಾತ್ರೆ ಬರೆದು, ತಿಂಗಳಿಗೊಮ್ಮೆ ಬಂದು ಮಾತಾಡಿಕೊಂಡು ಹೋಗಲು ಹೇಳಿದರು.

ಅಂದಿನಿಂದ ಸದ್ದು ಕೇಳಿದ ಕೂಡಲೇ ನಾನು ಅತ್ತೆಯ ಕೈ ಹಿಡಿದುಕೊಂಡು ಫೋನ್ ಮಾಡುತ್ತಿದ್ದೆ. ಅಲ್ಲಿಂದ ಯಜಮಾನರು, ರೈಲಿನ ಗಲಾಟೆಯ ನಡುವೆ, “ಅಮ್ಮಾ, ನಾನ್ ಮ್ಯಾಲಿದ್ದೀನಿ!” ಎಂದು ಕೂಗುತ್ತಿದ್ದರು. ಬೇರೆ ಆಟೊದವರು ನಕ್ಕರೂ ಬಿಡಲಿಲ್ಲ. ಅತ್ತೆ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಮೊದಮೊದಲು ಫೋನ್ ಇಟ್ಟಮೇಲೂ ಬಾಗಿಲಿಗೆ ಹೋಗಿ ಬರುತ್ತಿದ್ದರು. ಆಮೇಲಾಮೇಲೆ ಕೂತರು, ಎರಡು ತುತ್ತು ಉಂಡರು. ಬೀಗ ಅಂಗಡಿಗೇ ವಾಪಸ್ಸು ಹೋಯಿತು.

ಹೋದ ಬೇಸಿಗೆಯಲ್ಲಿ ಒಂದು ದಿನ ಎಂದಿಗಿಂತ ಜೋರಾಗಿ ನೆಲ ಅದುರಿತು. ಫೋನ್ ಮಾಡಿದರೆ ಸ್ವಿಚ್ ಆಫ್. ಮತ್ತೆ ಮಾಡಿದೆ, ಮತ್ತೆ ಮತ್ತೆ ಮಾಡಿದೆ. ಕ್ವಾರಿಗೂ ಬಂಗಾರಪೇಟೆಗೂ ಏನು ಸಂಬಂಧ ಎಂದು ಬುದ್ಧಿ ಹೇಳುತ್ತಿತ್ತು, ಕಾಲು ಕೇಳಬೇಕಲ್ಲ! ನೋಡಿದರೆ ನಾನೇ ಬಾಗಿಲಿಂದ ರಸ್ತೆಗೆ ಅಲೆಯುತ್ತಿದ್ದೇನೆ.

ಅತ್ತೆಯ ಮುಖವೂ ಬಿಳಿಚಿಕೊಂಡಿತ್ತು. ಆದರೂ ಬಂದು ನನ್ನ ರಟ್ಟೆ ಹಿಡಿದು ಜಗಲಿಯ ಮೇಲೆ ಕೂರಿಸಿದರು. “ಕೂತ್ಕೊ. ಬತ್ತಾನೆ. ನಾನಿದ್ದೀನಲ್ಲ, ಇಬ್ರೂ ಕಾಯಾನ” ಅಂದರು. ಕಣ್ಣು ರಸ್ತೆಯ ಮೇಲೇ ಇದ್ದರೂ ನನ್ನ ಕೈ ಬಿಡಲಿಲ್ಲ.

ಯಜಮಾನರು ಹೊತ್ತು ಮುಳುಗುವಾಗ ಬಂದರು, ಫೋನಿನ ಚಾರ್ಜ್ ಮುಗಿದಿತ್ತಂತೆ. ಅತ್ತೆ ಅವರ ಕೆನ್ನೆ ಮುಟ್ಟಿ ನೋಡಿದರು, ಆಮೇಲೆ ಚೆನ್ನಾಗಿ ಬೈದರು. ನಾನು ಮಾತ್ರ ಜಗಲಿಯಿಂದ ಏಳಲಾಗದೆ ಅಳುತ್ತಾ ಕೂತಿದ್ದೆ. ಶಾಫ್ಟಿನ ಬಾಯಲ್ಲಿ ಅಷ್ಟು ವರ್ಷ ಈ ಹೆಂಗಸು ಹೇಗೆ ನಿಂತಿದ್ದರೋ, ಒಂದು ಮಧ್ಯಾಹ್ನಕ್ಕೇ ನನ್ನ ಜೀವ ಹಣ್ಣಾಗಿಹೋಗಿತ್ತು.