ದ್ವೀಪದ ದಾರಿಗೆ ಹಾಕಿದ ಟಿಕ್

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇದರಲ್ಲಿ ಒಂದು ಮಾತನ್ನೂ ನಾನು ಸೇರಿಸಿಲ್ಲ. ಸೇರಿಸುವ ಹಾಗಿದ್ದರೆ ನನ್ನ ಮಾನ ಉಳಿಯುವ ಹಾಗೆ ಸೇರಿಸುತ್ತಿದ್ದೆ.

ಹೋದ ವರ್ಷದ ಮಾತು. ಅಮೆರಿಕದ ಫೋರ್ಟ್ ಮಿಲ್‌ನ ನಮ್ಮ ಮನೆಯಿಂದಲೇ ಒಂದು ಪ್ರವಾಸದ ವೆಬ್‌ಸೈಟಿಗೆ ಊರುಗಳ ಪುಟ ಬರೆಯುತ್ತಿದ್ದೆ. ಊರಿನ ಇತಿಹಾಸ, ಸುತ್ತಲಿನ ಗುಡ್ಡ, ಕಡಲು, ಏನೇನು ಸೌಕರ್ಯ ಇದೆ, ಇಷ್ಟೇ. ಪ್ರತಿಯೊಂದು ಸೌಕರ್ಯಕ್ಕೂ ಆ ಊರಿಗೇ ಫೋನ್ ಮಾಡಿ ಕೇಳಿ, ಆಮೇಲೆ 'ವಿಚಾರಿಸಿದೆ' ಅಂತ ಟಿಕ್ ಹಾಕಬೇಕು.

ನನ್ನ ಪಾಲಿಗೆ ಬಂದದ್ದು ಸ್ಕಾಟ್ಲೆಂಡಿನ ಸಣ್ಣ ಊರುಗಳು. ಮೊದಲನೆಯ ಊರಿಗೆ ಫೋನ್ ಮಾಡಿದಾಗ ಆ ಕಡೆಯವರ ಇಂಗ್ಲಿಷ್ ಒಂದಕ್ಷರ ತಿಳಿಯಲಿಲ್ಲ. ಮೂರು ಸಲ ಸಾರಿ ಅಂದೆ. ನಾಲ್ಕನೆಯ ಸಲ ಕೇಳಲು ನಾಚಿಕೆಯಾಗಿ ಇಟ್ಟುಬಿಟ್ಟೆ. ಮೈಸೂರಿನಲ್ಲಿ ಕಾನ್ವೆಂಟಿಗೆ ಹೋದವಳೆಂಬ ಜಂಬ ಬೇರೆ. ಆಮೇಲೆ ಯಾವ ಊರಿಗೂ ಫೋನ್ ಮಾಡಲಿಲ್ಲ. ಹಳೆಯ ಪುಟಗಳಿಂದ ಎತ್ತಿ ಬರೆದು ಟಿಕ್ ಹಾಕುತ್ತಾ ಹೋದೆ.

ಅದರಲ್ಲೊಂದು, ಹಿಂದೆ ಮೀನಿನ ವ್ಯಾಪಾರದಿಂದ ಬಾಳಿದ ಊರು. ಬಂದರಿನ ಕಲ್ಲುಗೋಡೆ, ಚಾವಣಿ ಹೋದ ಚರ್ಚು, ವಾರಕ್ಕೆರಡು ದಿನ ತೆರೆಯುವ ಲೈಬ್ರರಿ, ಹಳದಿ ಹೂವಿನ ಗುಡ್ಡ. ಎದುರಿಗೊಂದು ಪುಟ್ಟ ದ್ವೀಪ. ಕಡಲು ಇಳಿದಾಗ ಕಲ್ಲುಹಾದಿಯಲ್ಲಿ ನಡೆದು ಹೋಗಬಹುದು, ವಯಸ್ಸಾದವರಿಗೂ ಸುಲಭ ಎಂದು ಬರೆದೆ. ಆ 'ವಯಸ್ಸಾದವರಿಗೂ ಸುಲಭ' ನನ್ನ ಸ್ವಂತದ್ದು. ವಾಕ್ಯ ಚೆನ್ನಾಗಿ ಕೂತಿತ್ತು.

ಪುಟ ಹೊರಬಂದ ವಾರಕ್ಕೆ, ರಾತ್ರಿ ಮೂರೂಕಾಲಿಗೆ ಫೋನ್ ಬಡಿದುಕೊಂಡಿತು. ಮೈಸೂರಿನಲ್ಲಿ ಅಮ್ಮನಿಗೇನಾಯಿತೋ ಅಂತ ತಟ್ಟನೆ ಎದ್ದೆ. ಗಂಡನಿಗೆ ಎಚ್ಚರವಾಗಬಾರದೆಂದು ಅಡುಗೆಮನೆಗೆ ಒಯ್ದು ನೋಡಿದರೆ ಆ ಬಂದರಿನ ಆಫೀಸಿನ ನಂಬರು. ಮಾಡಬೇಕೆಂದು ಸೇವ್ ಮಾಡಿ, ಮಾಡದೆ ಬಿಟ್ಟದ್ದು.

ಮೊದಲು ನೀರಿನ ಸದ್ದು... ನೀರಿನಡಿ ಕಲ್ಲು ಉರುಳುವ ಸದ್ದು... ಆಮೇಲೆ ಒಬ್ಬ ಮುದುಕಿಯ ದನಿ.

"ಕೇಳ್ಬಹುದಿತ್ತಲ್ಲಮ್ಮ..."

ಕನ್ನಡ. ನಮ್ಮ ಮೈಸೂರಿನ ಕನ್ನಡ.

"ಯಾರು... ಯಾರು ಮಾತಾಡ್ತಿರೋದು?"

"ದಾರಿ ಇದ್ಯಾ ಅಂತ ಒಂದ್ ಮಾತು ಕೇಳ್ಬಹುದಿತ್ತು. ಅರ್ಥ ಆಗಲ್ಲ ಅಂತ ಕೇಳ್ಲಿಲ್ಲ. ಅಲ್ವಾ?"

ಯಾವ ದಾರಿ ಅಂತ ಆಕೆ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನನ್ನ ಕಣ್ಣಿಗೆ ಆ ದ್ವೀಪವೇ ಬಂತು. ಅಡುಗೆಮನೆಯಲ್ಲಿ ಒದ್ದೆ ಪಾಚಿಯ, ಉಪ್ಪಿನ ವಾಸನೆ... ನಮ್ಮ ಮನೆಯಿಂದ ಕಡಲಿಗೆ ಮೂರು ಗಂಟೆಗೂ ಮೀರಿದ ಡ್ರೈವ್.

"ಈಗ ಅರ್ಥ ಆಗ್ತಿದ್ಯಾ?" ಅಂದಳು. ದನಿಯಲ್ಲಿ ಕೋಪವಿರಲಿಲ್ಲ. ಫೋನ್ ಕಟ್ಟಾಯಿತು.

ಆ ಆಫೀಸು ತೆರೆಯುವುದು ಅಲ್ಲಿಯ ಒಂಬತ್ತಕ್ಕೆ, ನಮಗೆ ಬೆಳಗಿನ ಜಾವ ನಾಲ್ಕಕ್ಕೆ. ಅಲ್ಲಿಯವರೆಗೆ ದೀಪವೆಲ್ಲ ಹಾಕಿ ಕೂತಿದ್ದು ಫೋನ್ ಮಾಡಿದೆ. ಒಬ್ಬ ಗಂಡಸು ಎತ್ತಿದರು. ತಿಳಿಯಲಿಲ್ಲ. ಐದು ಸಲ ಕೇಳಿದೆ, ಐದು ಸಲವೂ ಬೇಸರವಿಲ್ಲದೆ ಹೇಳಿದರು. ಚಳಿಗಾಲದ ಬಿರುಗಾಳಿಗೆ ಕಲ್ಲುಹಾದಿಯ ನಡುಭಾಗ ಕೊಚ್ಚಿಹೋಗಿದೆ. ಹಿಂದಿನ ದಿನ ವಯಸ್ಸಾದ ಗಂಡಹೆಂಡತಿ ನನ್ನ ಪುಟದ ಪ್ರಿಂಟ್ ಹಿಡಿದು ಹೊರಟಿದ್ದರಂತೆ. ಹೆಂಡತಿ ಸೊಂಟದವರೆಗೆ ನೀರಿನಲ್ಲಿದ್ದಾಗ ಈ ಆಫೀಸಿನವರು ಕಂಡು, ದೋಣಿಯಲ್ಲಿ ಹೋಗಿ ಎಳೆದು ತಂದರಂತೆ. ಇಬ್ಬರೂ ಬದುಕಿದ್ದಾರೆ.

ಮುಕ್ಕಾಲು ಗಂಟೆ ಮುಂಚೆ ಅಲ್ಲಿಂದ ನನಗೆ ಯಾರಾದರೂ ಫೋನ್ ಮಾಡಿದ್ದರೇ ಎಂದು ಕೇಳಿದೆ. ಈಗಷ್ಟೇ ಬೀಗ ತೆಗೆದೆ ಅಂದರು.

ಕೂಡಲೇ ದ್ವೀಪಕ್ಕೆ ದಾರಿಯಿಲ್ಲವೆಂದು ಪುಟ ತಿದ್ದಿದೆ. ಅಷ್ಟರಲ್ಲಿ ಗಂಡ ಎದ್ದು ಬಂದ.

"ಮೂರು ಗಂಟೆಗೆ ಯಾರ ಹತ್ರ ಮಾತಾಡ್ತಿದ್ದೆ? ಅತ್ತೆನಾ?"

"ನಿಂಗೂ ಕೇಳಿಸ್ತಾ?"

"ಯಾರೋ ವಯಸ್ಸಾದೋರು. ಸ್ಪೀಕರ್ ಹಾಕಿದ್ಯಲ್ಲ."

ನಾನು ಸ್ಪೀಕರ್ ಹಾಕಿರಲಿಲ್ಲ.

ಸೋಮವಾರದ ಮೀಟಿಂಗಿನಲ್ಲಿ ಮ್ಯಾನೇಜರ್ ನನ್ನನ್ನು ಹೊಗಳಿದ. ಪುಟ ಬಂದ ಮೇಲೂ ಮತ್ತೊಮ್ಮೆ ಫೋನ್ ಮಾಡಿ ವಿಚಾರಿಸಿದ್ದಾಳೆ, ಎಲ್ಲರೂ ಇವಳನ್ನು ನೋಡಿ ಕಲಿಯಿರಿ ಅಂದ. ಆಗಲಾದರೂ ನಿಜ ಹೇಳಬಹುದಿತ್ತು. ಥ್ಯಾಂಕ್ಸ್ ಅಂದೆ. ನೀರಿನಲ್ಲಿ ನಿಂತಿದ್ದ ಆ ಹೆಂಗಸಿನ ಸುದ್ದಿ ಎತ್ತಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತಿದೆ.

ಕೇಳದೆಯೇ ಟಿಕ್ ಹಾಕಿದ ಇನ್ನೂ ಹನ್ನೊಂದು ಊರುಗಳಿವೆ. ಇವತ್ತು ಒಂದಕ್ಕಾದರೂ ಫೋನ್ ಮಾಡೋಣ ಎಂದು ಪ್ರತಿ ರಾತ್ರಿ ಅಂದುಕೊಳ್ಳುತ್ತೇನೆ... ಆಮೇಲೆ ಫೋನನ್ನು ಸೈಲೆಂಟ್ ಮಾಡಿ, ಡ್ರಾಯರಿನಲ್ಲಿ ಬಟ್ಟೆಯ ಕೆಳಗಿಟ್ಟು ಮಲಗುತ್ತೇನೆ.