ಬಣ್ಣ ಹಚ್ಚದ ಸೀತಾಫಲ

ಮೂಡಲಗಿಯ ನಮ್ಮ ಮನೆಗೆ ಬಂದವರ ಕಣ್ಣು ಮೊದಲು ಹೋಗುವುದು ಗಾಜಿನ ಕಪಾಟಿಗೆ. ಅದರೊಳಗೆ ನನ್ನ ತವರೂರು ಗೋಕಾಕದ ಕಟ್ಟಿಗೆ ಹಣ್ಣುಗಳಿವೆ: ಮಾವು, ಪೇರಲ, ಬಾಳೆ, ಅಂಜೂರ. ಎಲ್ಲ ಅಪ್ಪನ ಕೈಯವು. ನಿನ್ನೆ ಬಾಜೂಮನೆಯ ಹೊಸ ಸೊಸೆ ಬಂದವಳು ಎಲ್ಲವನ್ನೂ ಹೊಗಳಿ, ಕೊನೆಗೆ ಮೂಲೆಯ ಸೀತಾಫಲಕ್ಕೆ ಬೆರಳು ಮಾಡಿ, "ಇದಕ್ಕೊಂದ ಯಾಕ ಬಣ್ಣ ಹಚ್ಚಿಲ್ರಿ ಅಜ್ಜಿ?" ಎಂದಳು. "ಅದು ಇನ್ನಾ ಕಾಯಿ ಐತಿ, ಯವ್ವಾ" ಎಂದು ನನ್ನ ಎಂದಿನ ಉತ್ತರ ಕೊಟ್ಟೆ. ಅವಳಿಗೆ ತಲೆಬುಡ ತಿಳಿಯಲಿಲ್ಲ. ಒಳಗೆ ಹಾಲು ಉಕ್ಕುವುದರಲ್ಲಿತ್ತು, ಮಾತು ಅಲ್ಲಿಗೇ ನಿಂತಿತು. ನಿಮಗೆ ಅವಸರವಿಲ್ಲದಿದ್ದರೆ ಕೂತುಕೊಳ್ಳಿ, ನಿಮಗಾದರೂ ಪೂರ್ತಿ ಹೇಳುತ್ತೇನೆ.

ಅಪ್ಪ ಬಣ್ಣದ ಮನುಷ್ಯ. ಹಗುರ ಕಟ್ಟಿಗೆಯನ್ನು ಕೆತ್ತಿ, ಹುಣಸೆಬೀಜದ ಅಂಟು ಬಳಿದು, ಗಾಜಿನ ಹಾಗೆ ನುಣುಪಾಗುವತನಕ ತಿಕ್ಕಿ, ಆಮೇಲೆ ಕುಂಚ ಹಿಡಿಯುತ್ತಿದ್ದ. ಒಮ್ಮೆ ಒಣಗಲು ಇಟ್ಟ ಮಾವಿನಹಣ್ಣನ್ನು ಕಾಗೆಯೊಂದು ಕುಕ್ಕಲು ಬಂದಿತ್ತಂತೆ. ಈ ಕಥೆ ಕೇಳದವರು ಗೋಕಾಕದಲ್ಲಿ ಇರಲಿಲ್ಲ. ವರ್ಷ ಕಳೆದಂತೆ ಆ ಕಾಗೆ ದಪ್ಪವೂ ಆಯಿತು, ಜೋಡಿಗೆ ಇನ್ನೊಂದು ಕಾಗೆಯೂ ಬಂತು. ಅವ್ವ ಮಾತ್ರ, "ನಾ ಮನ್ಯಾಗ ಇದ್ನಿ, ನನಗ ಒಂದೂ ಕಾಣಲಿಲ್ಲ" ಎನ್ನುತ್ತಿದ್ದಳು.

ನಮ್ಮ ಜಿಲ್ಲೆ ಮುಂಬೈ ಸೀಮೆಯಿಂದ ಮೈಸೂರು ರಾಜ್ಯಕ್ಕೆ ಬಂದ ಹೊಸತು. ಅಕ್ಕ ಶಾಂತಾ ಪುಣೆಗೆ ಹೋಗಿ ಕಣ್ಣಿಲ್ಲದ ಮಕ್ಕಳಿಗೆ ಪಾಠ ಹೇಳುವುದನ್ನು ಕಲಿತು ಬಂದಳು. ಹುಕ್ಕೇರಿಯಲ್ಲಿ ವ್ಯಾಪಾರಸ್ಥರೊಬ್ಬರು ಬಿಟ್ಟುಕೊಟ್ಟ ಪಡಸಾಲೆಯಲ್ಲಿ ನಡೆಯುತ್ತಿದ್ದ ಪುಟ್ಟ ಶಾಲೆಗೆ ಮಾಸ್ತರಬಾಯಿಯಾದಳು. ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಚಹಾದಂಗಡಿ, ಕ್ಷೌರದಂಗಡಿ, ಎಲ್ಲ ಕಡೆ ಮಗಳದೇ ಸುದ್ದಿ. ಆದರೆ ಕೇಳಿದವರು ಸುಮ್ಮನಿರಬೇಕಲ್ಲ. "ಕಣ್ಣ ಕಾಣದ ಹುಡುಗರಿಗೆ ಏನ್ ಕಲಸ್ತಾಳೋ ಮಾರಾಯಾ? ಹ್ಯಾಂಗ ಕಲಸ್ತಾಳ?" ಎಂದು ಕೇಳುತ್ತಿದ್ದರು. ಅಪ್ಪ ಮನೆಗೆ ಬಂದು ನನ್ನನ್ನು ಕೇಳಿದ. ನಾನೋ ಏಳನೆಯ ತರಗತಿ ಪಾಸಾಗಿ ಜಗತ್ತನ್ನೆಲ್ಲ ಅರೆದು ಕುಡಿದವಳು. "ಕಿವ್ಯಾಗ ಹೇಳ್ತಾಳ" ಎಂದೆ.

ಅದು ಅವನಿಗೆ ಸಮಾಧಾನ ಕೊಡಲಿಲ್ಲ. ಒಂದು ಬೆಳಿಗ್ಗೆ ತನ್ನ ಕೈಯ ಒಳ್ಳೊಳ್ಳೆಯ ಹಣ್ಣುಗಳನ್ನು ಆರಿಸಿ ಬುಟ್ಟಿ ತುಂಬಿದ. "ಹುಡುಗರಿಗೆ ಕೊಟ್ಟು, ಆಕಿ ಕೆಲಸಾನೂ ನೋಡಿ ಬರೂಣ ನಡಿ" ಎಂದು ನನ್ನನ್ನು ಹೊರಡಿಸಿದ. ಘಟಪ್ರಭಾ ದಾಟಿ ಹುಕ್ಕೇರಿ ಮುಟ್ಟುವತನಕ ಬುಟ್ಟಿ ಅವನ ತೊಡೆಯ ಮೇಲೆಯೇ ಇತ್ತು.

ಪಡಸಾಲೆಯಲ್ಲಿ ಮಕ್ಕಳು ದಪ್ಪ ಕಾಗದದ ಮೇಲಿನ ಉಬ್ಬು ಚುಕ್ಕೆಗಳ ಮೇಲೆ ಬೆರಳಾಡಿಸುತ್ತ ಓದುತ್ತಿದ್ದರು. ನನಗೆ ಕುತೂಹಲ ತಡೆಯಲಾಗಲಿಲ್ಲ. ಇವರ ಕನಸಿನಲ್ಲಿ ಬಣ್ಣ ಇರುತ್ತದೆಯೇ ಎಂದು ಅಕ್ಕನ ಕಿವಿಯಲ್ಲಿ ಕೇಳಿದೆ. "ನನ್ನ ಯಾಕ ಕೇಳ್ತಿ? ಅವರನ್ನ ಕೇಳು" ಎಂದಳು. ಹುಟ್ಟಿನಿಂದ ಕಣ್ಣಿಲ್ಲದ ಹುಡುಗಿಯೊಬ್ಬಳಿದ್ದಳು, ಕಣಗಲಾ ಊರಿನ ಗಂಗವ್ವ. ಅವಳ ಹತ್ತಿರ ಕೂತು, ಕೆಂಪು ಅಂದರೆ ಏನು ಅನ್ನಿಸುತ್ತದೆ ಎಂದೆ. ಅವಳು ನನ್ನನ್ನೇ ಕೇಳಿದಳು: "ಎಲ್ಲಾರೂ ಕೆಂಪ ಕೆಂಪ ಅಂತೀರಿ. ಅದು ಬಿಸಿ ಇರತೈತೇನ್ರಿ?"

ಅಪ್ಪ ಅವಳ ಕೈಗೆ ಮಾವಿನಹಣ್ಣು ಕೊಟ್ಟ. ಅವಳು ತಿರುಗಿಸಿದಳು, ಮೂಸಿದಳು, ನೆಲಕ್ಕೆ ಬಡಿದು ಸದ್ದು ಕೇಳಿದಳು. ಆಮೇಲೆ ಪೇರಲ ಕೊಟ್ಟ, ಅಂಜೂರ ಕೊಟ್ಟ. "ಎಲ್ಲಾ ಒಂದ ನಮೂನಿ ಅದಾವ್ರಿ. ನುಣ್ಣಗ, ತಂಬಗಿ ಹಂಗ" ಎಂದಳು.

"ಹಂಗಲ್ಲವ್ವಾ, ತುದಿಗೆ ನೋಡು, ಎಷ್ಟ ಚಂದ ಕೆಂಪು..." ಎಂದ ಅಪ್ಪ ಅರ್ಧಕ್ಕೇ ನಾಲಿಗೆ ಕಚ್ಚಿಕೊಂಡ. ಅಕ್ಕ ಮೆತ್ತಗೆ ಹೇಳಿದಳು: "ಅಪ್ಪಾ, ನೀ ಇವನ್ನ ಕಣ್ಣಿಗಂತ ಮಾಡೀದಿ. ಇವರಿಗೆ ಕೈಗಂತ ಮಾಡಬೇಕು."

ತುಂಬಿದ ಬುಟ್ಟಿಯನ್ನು ಹಾಗೇ ಹೊತ್ತು ತಿರುಗಿ ಬರುವಾಗ ಬಸ್ಸಿನಲ್ಲಿ ಪಕ್ಕದವರು ಬುಟ್ಟಿಯೊಳಗೇನು ಎಂದು ಕೇಳಿದರೂ ಕಾಗೆಯ ಕಥೆ ಹೊರಬರಲಿಲ್ಲ. ನನಗೆ ಹೆದರಿಕೆಯಾಯಿತು. ಇನ್ನು ಇವನು ಅಕ್ಕನ ಹೆಸರು ಎತ್ತುವುದೇ ಇಲ್ಲ ಎಂದುಕೊಂಡೆ.

ಮರುದಿನ ನೋಡಿದರೆ ಸಂತೆಯಲ್ಲಿ ಅಪ್ಪ ಕಣ್ಣು ಮುಚ್ಚಿ ಹಣ್ಣು ಸವರುತ್ತ ನಿಂತಿದ್ದಾನೆ. "ಏನ್ರಿ ಕಾಕಾ, ಹಣ್ಣ ತೊಗೊಳ್ಳಾಕ ಬಂದೀರೋ ನಿದ್ದಿ ಮಾಡಾಕ ಬಂದೀರೋ?" ಎಂದು ಹಣ್ಣಿನವಳು ರೇಗಿದಳು. ಮನೆಯಲ್ಲಿ ಕಣ್ಣು ಮುಚ್ಚಿಯೇ ಉಳಿ ಹಿಡಿದು ಬೆರಳು ಕೊಯ್ದುಕೊಂಡ. ಅವ್ವ ಅರಿಷಿಣ ಒತ್ತುತ್ತ ಬೈದಳು. "ಮಗಳು ಏನ ಕಲಸ್ತಾಳ ಅಂತ ಮಂದಿ ಕೇಳತಾರ. ನನಗ ತಿಳಿದ್ರ ಹೇಳಬೇಕಲ್ಲ" ಎಂದ ಅಪ್ಪ. ಅವನಿಗೆ ಎಲ್ಲಕ್ಕಿಂತ ಕಷ್ಟವಾದದ್ದು ಬಣ್ಣ ಬಿಡುವುದು. ಕೈ ತಂತಾನೇ ಕುಂಚದ ಕಡೆ ಹೋಗುತ್ತಿತ್ತು. ಕೊನೆಗೆ ಬಣ್ಣದ ಬಟ್ಟಲುಗಳನ್ನು ಅವ್ವನ ಕೈಯಿಂದ ಅಟ್ಟದ ಮೇಲೆ ಇಡಿಸಿದ.

ಎರಡನೆಯ ಸಲ ಹೋದಾಗ ಬುಟ್ಟಿ ಇರಲಿಲ್ಲ. ಚೀಲದಲ್ಲಿ ಒಂದೇ ಒಂದು ಸೀತಾಫಲ, ಬೋಳು ಕಟ್ಟಿಗೆಯದು. ಗಂಗವ್ವನ ಬೆರಳುಗಳು ಉಬ್ಬಿನಿಂದ ಉಬ್ಬಿಗೆ ಹೋದವು.

"ಸೀತಾಫಲ" ಎಂದಳು. ಅಪ್ಪನ ಮುಖ ಅರಳಿತು. "ಆದ್ರ ಇನ್ನಾ ಕಾಯಿ ಐತ್ರಿ. ಹಣ್ಣಾದ್ರ ನಡುವಿನ ಗೆರಿ ಅಗಲ ಆಗತಾವಲ್ಲ."

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಖರೇನ ಐತಿ, ಕಾಯಿನ ಮಾಡೇನಿ. ತಡಿ, ಇದನ್ನ ಹಣ್ಣ ಮಾಡಿ ತರತೇನಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡ. ಅಂದಿನಿಂದ ಯಾರು ಮಗಳ ಕೆಲಸ ಕೇಳಿದರೂ ಚೀಲದಿಂದ ಸೀತಾಫಲ ತೆಗೆದು, "ಕಣ್ಣ ಮುಚ್ಚು, ಏನಿದು ಹೇಳು" ಎನ್ನುತ್ತಿದ್ದ. ಅವರು ಗೊಂದಲಕ್ಕೆ ಬಿದ್ದು ಏನೋ ಒಂದು ಹೇಳಿದರೆ ಅವನಿಗೆ ಹಬ್ಬ. "ನನ್ನ ಮಗಳ ಸಾಲಿ ಹುಡುಗರು ಕಾಯೋ ಹಣ್ಣೋ ಅನ್ನೂದನ್ನೂ ಹೇಳತಾವ. ನಾನೂ ಈಗ ಆಕಿ ಸಾಲ್ಯಾಗ ಕಲಿಯಾಕತ್ತೇನಿ" ಎನ್ನುತ್ತಿದ್ದ. ಕಾಗೆಗಳು ಪೂರಾ ಹಾರಿಹೋದವು.

ಆ ವರ್ಷವೇ ಶಾಲೆ ಧಾರವಾಡಕ್ಕೆ ಹೋಯಿತು. ಅಕ್ಕನೂ ಹೋದಳು, ಗಂಗವ್ವನೂ. ಅಪ್ಪನ ಕೈ ನಡುಗತೊಡಗಿತು. ಹೋಗೋಣ ಹೋಗೋಣ ಎನ್ನುತ್ತಲೇ ಮುಂದಿನ ಬೇಸಿಗೆಯಲ್ಲಿ ಅವನೇ ನಮ್ಮನ್ನು ಬಿಟ್ಟು ಹೋದ. ಸೀತಾಫಲ ನನ್ನ ಕಪಾಟಿಗೆ ಬಂತು. ಕೊಟ್ಟ ಮಾತು ಹಾಗೇ ಉಳಿಯಿತಲ್ಲ ಎಂಬ ನೋವು ನನಗೆ. ಅದಕ್ಕೇ ಕೇಳಿದವರಿಗೆಲ್ಲ "ಕಾಯಿ ಐತಿ" ಎನ್ನುತ್ತ ಬಂದೆ.

ನಿನ್ನೆ ಬಾಜೂಮನೆಯ ಸೊಸೆ ಹೋದ ಮೇಲೆ ಅದನ್ನು ಹೊರಗೆ ತೆಗೆದೆ. ಇಷ್ಟು ವರ್ಷ ಧೂಳು ಒರೆಸುವ ಬಟ್ಟೆಯಿಂದಲ್ಲದೆ ಅದನ್ನು ನಾನು ಮುಟ್ಟಿದವಳೇ ಅಲ್ಲ. ಎಂಥ ಮಗಳು ನೋಡಿ. ಬಾಗಿಲು ಮುಂದೆ ಮಾಡಿ, ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಕಣ್ಣು ಮುಚ್ಚಿ ಸವರಿದೆ. ಒಂದು ಮಗ್ಗುಲು ಬಿಗಿಯಾಗಿತ್ತು. ಗೋಡೆಯ ಕಡೆಗಿರುತ್ತಿದ್ದ ಇನ್ನೊಂದು ಮಗ್ಗುಲಿಗೆ ಬಂದಾಗ ಬೆರಳು ಜಾರಿ ಒಳಗಿಳಿಯಿತು. ಗೆರೆಗಳು ಆಳವಾಗಿದ್ದವು, ಅಗಲವಾಗಿದ್ದವು. ನಡುಗುವ ಕೈಯಿಂದ ಕೊರೆದದ್ದು, ಸೊಟ್ಟಸೊಟ್ಟ. ತೊಟ್ಟಿನ ಸುತ್ತ ಚೂರು ತಗ್ಗು.

ಭಾನುವಾರ ಅಕ್ಕ ಬರುತ್ತಾಳೆ. ನಾನು ಏನೂ ಹೇಳುವುದಿಲ್ಲ, ಸುಮ್ಮನೆ ಅವಳ ಕೈಯಲ್ಲಿ ಇಡುತ್ತೇನೆ. ಅಷ್ಟು ಮಕ್ಕಳಿಗೆ ಬೆರಳಿನಿಂದ ಓದಲು ಕಲಿಸಿದವಳು, ಕಣ್ಣು ಮುಚ್ಚು ಎಂದು ಅವಳಿಗೆ ಯಾರೂ ಹೇಳಬೇಕಾಗಿಲ್ಲ.